ಗಣೇಶನ ಮದುವೆ (ಚಲನಚಿತ್ರ)

ಗಣೇಶನ ಮದುವೆ 1990ರಲ್ಲಿ ತೆರೆಕಂಡ ಕನ್ನಡ ಪ್ರಣಯ ಹಾಸ್ಯಚಿತ್ರ. ಇದರ ನಿರ್ದೇಶಕರು ಫಣಿ ರಾಮಚಂದ್ರ. ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್ ಪ್ರಧಾನ ಪಾತ್ರಗಳಲ್ಲಿದ್ದು, ಮುಖ್ಯಮಂತ್ರಿ ಚಂದ್ರು, ರಮೇಶ್ ಭಟ್ ಮೊದಲಾದವರು ಪೋಷಕ ಪಾತ್ರಗಳನ್ನು ನಿರ್ವಹಿಸಿದ್ದಾರೆ. ಸಂಗೀತ ರಾಜನ್–ನಾಗೇಂದ್ರ ಸಹೋದರರದು. ಒಂದೇ ವಠಾರದಲ್ಲಿ ವಾಸಿಸುತ್ತ, ಕಂಡರಾಗದಂತೆ ಕಾದಾಡುವ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು, ಪರಸ್ಪರರ ಗುರುತು ತಿಳಿಯದೆ ಪತ್ರಗಳ ಮೂಲಕ ಒಬ್ಬರನ್ನೊಬ್ಬರು ಪ್ರೀತಿಸುವುದು ಇದರ ಕಥಾವಸ್ತು. ಬಿಡುಗಡೆಯಾದಾಗ ಯಶಸ್ಸು ಗಳಿಸಿದ ಈ ಚಿತ್ರ ಮೂರು ದಶಕಗಳು ಕಳೆದ ಮೇಲೂ ಕನ್ನಡದ ಶ್ರೇಷ್ಠ ಹಾಸ್ಯಚಿತ್ರಗಳ ಮಾತು ಬಂದಾಗಲೆಲ್ಲ ನೆನಪಾಗುತ್ತದೆ. ಹಾಲಿವುಡ್‌ನ 1940ರ ಪ್ರಸಿದ್ಧ ಚಿತ್ರ ದಿ ಶಾಪ್ ಅರೌಂಡ್ ದಿ ಕಾರ್ನರ್‌ನಲ್ಲಿಯೂ ಇದೇ ಬಗೆಯ ಕಥಾಚೌಕಟ್ಟು ಇರುವುದರಿಂದ, ಎರಡನ್ನೂ ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ.

ಕಥಾಸಾರ

ರಮಣಮೂರ್ತಿ ಎಂಬ ಮಾಲೀಕನ ವಠಾರದಲ್ಲಿ ಹಲವು ಬಾಡಿಗೆದಾರರು ವಾಸವಾಗಿದ್ದಾರೆ. ಅದೇ ವಠಾರದಲ್ಲಿ ವೈ. ಜಿ. ರಾವ್ ಎಂಬ ಅವಿವಾಹಿತನೂ ಆದಿಲಕ್ಷ್ಮಿ ಎಂಬ ಯುವತಿಯೂ ಇದ್ದಾರೆ. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎದುರಾದರೆ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬರು ಸೋತರೆ ಇನ್ನೊಬ್ಬರಿಗೆ ಆ ದಿನ ಹಬ್ಬ. ಈ ನಡುವೆ ರಾವ್, ಶ್ರುತಿ ಎಂಬ ಗಾಯಕಿಯ ದನಿಗೆ ಮನಸೋತು ಆಕೆಗೆ ಪತ್ರ ಬರೆಯುತ್ತಾನೆ. ಪತ್ರದ ಕೊನೆಯಲ್ಲಿ ಗಣೇಶ ಎಂದು ಸಹಿ ಇರುತ್ತದೆ. ಶ್ರುತಿಯಿಂದ ಉತ್ತರವೂ ಬರುತ್ತದೆ. ಪತ್ರಗಳು ಹೋಗಿ ಬಂದು, ಮೆಚ್ಚುಗೆ ಸ್ನೇಹವಾಗಿ, ಸ್ನೇಹ ಪ್ರೇಮವಾಗಿ ಬೆಳೆಯುತ್ತದೆ.

ಶ್ರುತಿ ಎಂಬುದು ಆದಿಲಕ್ಷ್ಮಿಯ ಇನ್ನೊಂದು ಹೆಸರು. ಗಣೇಶ ಎಂಬಾತ ತನ್ನದೇ ವಠಾರದ ರಾವ್ ಎಂಬುದು ಅವಳಿಗೂ ತಿಳಿಯದು. ಪ್ರೇಕ್ಷಕರಿಗೆ ಮಾತ್ರ ಎರಡೂ ತಿಳಿದಿದೆ. ಹೀಗೆ ಮುಂಜಾನೆ ವಠಾರದಲ್ಲಿ ಬೈದಾಡಿಕೊಂಡವರು ಸಂಜೆಯ ಏಕಾಂತದಲ್ಲಿ ಕುಳಿತು, ತಾವು ಬೈದವರಿಗೇ ಮನಸ್ಸು ಬಿಚ್ಚಿ ಬರೆಯುವ ವಿಚಿತ್ರ ಸನ್ನಿವೇಶ ಚಿತ್ರದ ಉದ್ದಕ್ಕೂ ನಗೆಯನ್ನು ಉಕ್ಕಿಸುತ್ತದೆ. ತಪ್ಪು ತಿಳಿವಳಿಕೆಗಳು, ಗೆಳೆಯರ ಉಪಾಯಗಳು, ಮಾಲೀಕನ ಕಿರಿಕಿರಿ ಎಲ್ಲವನ್ನೂ ದಾಟಿ ಕಥೆ ಶೀರ್ಷಿಕೆ ಸೂಚಿಸುವ ಮಂಗಳಕ್ಕೆ ತಲುಪುತ್ತದೆ.

ಶೀರ್ಷಿಕೆ

ಚಿತ್ರದ ಹೆಸರು ಕನ್ನಡದ ಒಂದು ನಾಣ್ನುಡಿಯ ಮೇಲೆ ನಿಂತಿದೆ. ನಡೆಯಬೇಕಾದ ಕೆಲಸಕ್ಕೆ ಒಂದರ ಹಿಂದೆ ಒಂದು ಅಡ್ಡಿ ಬಂದಾಗ ಗಣೇಶನ ಮದುವೆಗೆ ನೂರೆಂಟು ವಿಘ್ನ ಎಂದು ಹೇಳುವುದು ರೂಢಿ. ಉತ್ತರ ಭಾರತದ ಪರಂಪರೆಯಲ್ಲಿ ಗಣಪತಿಗೆ ಸಿದ್ಧಿ, ಬುದ್ಧಿ ಎಂಬ ಪತ್ನಿಯರಿದ್ದರೂ ದಕ್ಷಿಣದ ಜನಪದ ಕಲ್ಪನೆಯಲ್ಲಿ ಅವನು ಬ್ರಹ್ಮಚಾರಿ. ಊರಿನವರ ವಿಘ್ನಗಳನ್ನೆಲ್ಲ ಕಳೆಯುವ ದೇವರಿಗೆ ಸ್ವಂತ ಮದುವೆಯ ವಿಘ್ನ ಕಳೆದುಕೊಳ್ಳಲು ಆಗಲಿಲ್ಲವೆಂಬ ತಮಾಷೆ ಈ ಮಾತಿನಲ್ಲಿದೆ. ಆದುದರಿಂದ ಚಿತ್ರಮಂದಿರದ ಹೊರಗಿನ ಭಿತ್ತಿಪತ್ರವನ್ನು ಓದಿದ ಕ್ಷಣದಲ್ಲಿಯೇ ಕನ್ನಡಿಗನಿಗೆ ಅರ್ಧ ಕಥೆ ತಿಳಿದುಬಿಡುತ್ತಿತ್ತು. ಮದುವೆ ಆಗುತ್ತದೆಯೇ ಎಂಬ ಕುತೂಹಲಕ್ಕಿಂತ, ನೂರೆಂಟರಲ್ಲಿ ಯಾವ ಯಾವ ವಿಘ್ನಗಳು ಬರುತ್ತವೆ ಎಂಬ ಕುತೂಹಲವೇ ಮುಂದಾಗುತ್ತದೆ. ಪ್ರಣಯ ಹಾಸ್ಯ ಎಂಬ ಪ್ರಕಾರಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ದೊಡ್ಡ ವಿಘ್ನಗಳಾವುವೂ ಹೊರಗಿನಿಂದ ಬಂದವಲ್ಲ. ಜಾತಿ, ಅಂತಸ್ತು, ಖಳನಾಯಕ, ಹಠಮಾರಿ ತಂದೆ ಮೊದಲಾದ ಪರಿಚಿತ ಅಡ್ಡಗೋಡೆಗಳಿಗಿಂತ ಇಲ್ಲಿ ನಾಯಕನಿಗೆ ನಾಯಕನೇ ವಿಘ್ನ, ನಾಯಕಿಗೆ ನಾಯಕಿಯೇ ವಿಘ್ನ. ಗಣೇಶನ ಮದುವೆಗೆ ರಾವ್ ಅಡ್ಡಬಂದಿದ್ದಾನೆ.

ವಠಾರದ ಲೋಕ

ಚಿತ್ರ ಇಂದಿಗೂ ಜೀವಂತವಾಗಿರುವುದಕ್ಕೆ ಅದರ ವಠಾರವೇ ಮುಖ್ಯ ಕಾರಣವೆನ್ನಬೇಕು. ಒಂದು ಹೆಬ್ಬಾಗಿಲು, ಒಳಗೆ ಒಂದು ಅಂಗಳ, ಅದರ ಸುತ್ತ ಅಥವಾ ಎರಡೂ ಬದಿಗೆ ಸಾಲಾಗಿ ಚಿಕ್ಕ ಚಿಕ್ಕ ಮನೆಗಳು, ಎಲ್ಲರಿಗೂ ಸೇರಿದ ಬಾವಿ ಅಥವಾ ನಲ್ಲಿ, ಬಟ್ಟೆ ಒಣಹಾಕುವ ಹಗ್ಗ. ಇವು ಹಳೆಯ ಮೈಸೂರು ಭಾಗದ ನಗರಗಳಲ್ಲಿ ವಠಾರ ಎಂಬ ಹೆಸರಿನಿಂದ ಪ್ರಸಿದ್ಧವಾದ ವಸತಿಯ ಲಕ್ಷಣಗಳು. ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮುಂತಾದ ಬಡಾವಣೆಗಳಲ್ಲಿ ಮಧ್ಯಮವರ್ಗದ ಎಷ್ಟೋ ಕುಟುಂಬಗಳು ಇಂತಹ ವಠಾರಗಳಲ್ಲಿ ಬಾಳಿ ಬದುಕಿದವು. ಒಂದು ಮನೆಯ ಒಗ್ಗರಣೆಯ ವಾಸನೆ ಮೂರನೆಯ ಮನೆಗೆ ತಿಳಿಯುತ್ತಿತ್ತು. ಒಂದು ಮನೆಯ ರೇಡಿಯೋ ಇಡೀ ಸಾಲಿಗೆ ಕೇಳುತ್ತಿತ್ತು. ಗುಟ್ಟು ಎಂಬುದು ಅಲ್ಲಿ ಬಾಳುವ ವಸ್ತುವಲ್ಲ.

ಅಂತಹ ಕಡೆಯಲ್ಲಿ ಒಂದು ದೊಡ್ಡ ಗುಟ್ಟನ್ನು ಬೆಳೆಸಿರುವುದು ಈ ಕಥೆಯ ಜಾಣ್ಮೆ. ಅಕ್ಕಪಕ್ಕದವರ ಹಾಲಿನ ಲೆಕ್ಕ, ಬಂದು ಹೋಗುವ ನೆಂಟರು, ಸಿಟ್ಟು ಸೆಡವುಗಳೆಲ್ಲ ಬಲ್ಲ ಇಬ್ಬರು, ಒಬ್ಬರ ಮನಸ್ಸನ್ನು ಇನ್ನೊಬ್ಬರು ಮಾತ್ರ ಅರಿಯರು. ಮನಸ್ಸನ್ನು ಅರಿಯಲು ಅವರಿಗೆ ಅಂಚೆಪೆಟ್ಟಿಗೆ ಬೇಕಾಗುತ್ತದೆ. ವಠಾರದ ಜಗಳ ಅವರ ಅತಿ ಸಣ್ಣ ರೂಪವನ್ನು ಹೊರಗೆ ತಂದರೆ, ಬಿಳಿಯ ಹಾಳೆ ಅವರ ಅತ್ಯುತ್ತಮ ರೂಪವನ್ನು ಹೊರಗೆ ತರುತ್ತದೆ. ಯಾವುದು ನಿಜವಾದ ರಾವ್, ಯಾವುದು ನಿಜವಾದ ಆದಿಲಕ್ಷ್ಮಿ ಎಂಬ ಪ್ರಶ್ನೆಗೆ ಎರಡೂ ನಿಜ ಎಂದು ಚಿತ್ರ ಉತ್ತರಿಸುತ್ತದೆ. ಪತ್ರದ ಗಣೇಶನನ್ನು ಮದುವೆಯಾಗುವವಳು ವಠಾರದ ರಾವ್‌ನ ಜೊತೆಗೇ ಸಂಸಾರ ಮಾಡಬೇಕು. ನಗುವಿನ ಅಡಿಯಲ್ಲಿರುವ ಗಂಭೀರವಾದ ಮಾತು ಇದು. ಚಿತ್ರ ಅದನ್ನು ಯಾರ ಬಾಯಿಂದಲೂ ಉಪದೇಶವಾಗಿ ಹೇಳಿಸುವುದಿಲ್ಲ.

ಮಾಲೀಕ ಮತ್ತು ಬಾಡಿಗೆದಾರರ ನಡುವಣ ಹಾಸ್ಯಕ್ಕೂ ಸಾಮಾಜಿಕ ಹಿನ್ನೆಲೆಯಿದೆ. ಅಂದು ಜಾರಿಯಲ್ಲಿದ್ದ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ, 1961ರ ಪ್ರಕಾರ ಕಾಯ್ದೆಯಲ್ಲಿ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರರನ್ನು ತೆರವುಗೊಳಿಸುವಂತಿರಲಿಲ್ಲ. ಇಂತಹ ವ್ಯಾಜ್ಯಗಳು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯುತ್ತಿದ್ದವು. ಹೀಗಾಗಿ ಒಬ್ಬರನ್ನೊಬ್ಬರು ಸಹಿಸಲಾರದ ಮಾಲೀಕನೂ ಬಾಡಿಗೆದಾರನೂ ಒಂದೇ ಅಂಗಳದಲ್ಲಿ ದಿನಾಲೂ ಮುಖ ನೋಡಿಕೊಂಡು ಬಾಳುವುದು ಅಂದಿನ ನಗರಜೀವನದ ಸಾಮಾನ್ಯ ದೃಶ್ಯವಾಗಿತ್ತು. ಜಗಳವಾಡಿದವರು ಮನೆ ಬಿಟ್ಟು ಹೋಗಲಾರರು ಎಂಬ ಸ್ಥಿತಿಯೇ ಹಾಸ್ಯಕ್ಕೆ ಒಳ್ಳೆಯ ನೆಲ. ಈ ಕಾಯ್ದೆಯ ಸ್ಥಾನವನ್ನು ಮುಂದೆ 1999ರ ಬಾಡಿಗೆ ಕಾಯ್ದೆ ತುಂಬಿತು. ಅಷ್ಟರಲ್ಲಿ ವಠಾರಗಳೂ ಒಂದೊಂದಾಗಿ ಕೆಡವಲ್ಪಟ್ಟು ಬಹುಮಹಡಿಯ ಕಟ್ಟಡಗಳಾಗತೊಡಗಿದ್ದವು.

ಪತ್ರ ಮತ್ತು ಬಾನುಲಿ

ಕಥೆಗೆ ಆಧಾರವಾದ ಎರಡು ಸಾಧನಗಳು, ಕೇಳಿಸುವ ದನಿ ಮತ್ತು ಬರೆಯುವ ಕೈ. ಎರಡರಲ್ಲಿಯೂ ಮುಖ ಕಾಣಿಸುವುದಿಲ್ಲ. ಬಾನುಲಿಗೂ ಕನ್ನಡನಾಡಿಗೂ ಹಳೆಯ ನಂಟು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು; ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿ ಸಂಸ್ಥೆಗೆ ಸಂದಿತು. ಬೆಂಗಳೂರು ಕೇಂದ್ರ 1955ರಲ್ಲಿ ಪ್ರಸಾರ ಪ್ರಾರಂಭಿಸಿತು. ಬಾನುಲಿಯ ಕಲಾವಿದರಿಗೆ ಶ್ರೋತೃಗಳು ಪತ್ರ ಬರೆಯುವುದು ದಶಕಗಳ ಕಾಲ ನಡೆದುಬಂದ ಸಂಗತಿ. ಮುಖ ನೋಡದ ಗಾಯಕಿಯ ದನಿಯನ್ನು ಕೇಳಿ ಮನಸ್ಸಿನಲ್ಲಿಯೇ ಒಂದು ಮುಖವನ್ನು ಚಿತ್ರಿಸಿಕೊಳ್ಳುವುದು ಆ ಕಾಲದ ಶ್ರೋತೃವಿಗೆ ಸಹಜವಾಗಿತ್ತು.

1990ರ ಹೊತ್ತಿಗೆ ಮಧ್ಯಮವರ್ಗದ ಬಹಳ ಮನೆಗಳಲ್ಲಿ ದೂರವಾಣಿ ಇರಲಿಲ್ಲ. ಅರ್ಜಿ ಹಾಕಿ ವರ್ಷಾನುಗಟ್ಟಲೆ ಕಾಯಬೇಕಿತ್ತು. ನೀಲಿ ಬಣ್ಣದ ಇನ್‌ಲ್ಯಾಂಡ್ ಪತ್ರ, ಹಳದಿ ಕಾರ್ಡು, ಅಂಚೆಯವನ ಸೈಕಲ್ಲಿನ ಗಂಟೆ ದಿನಚರಿಯ ಭಾಗವಾಗಿದ್ದವು. ಪತ್ರಕ್ಕೆ ಉತ್ತರ ಬರಲು ಬೇಕಾಗುತ್ತಿದ್ದ ಅವಧಿ ಈ ಕಥೆಗೆ ಅತ್ಯಗತ್ಯ. ಆ ಬಿಡುವಿನಲ್ಲಿ ಕಲ್ಪನೆ ಬೆಳೆಯುತ್ತದೆ. ಅದೇ ಬಿಡುವಿನಲ್ಲಿ ವಠಾರದಲ್ಲಿ ಇನ್ನೂ ನಾಲ್ಕು ಜಗಳಗಳಿಗೆ ಜಾಗ ಸಿಗುತ್ತದೆ. ಕೈಬರಹ ನೋಡಿಯೇ ಗುರುತು ಹಿಡಿಯಬಹುದಿತ್ತಲ್ಲ ಎಂದು ಇಂದಿನ ವಿದ್ಯಾರ್ಥಿಯೊಬ್ಬ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಜಗಳಗಂಟ ನೆರೆಯವನು ಬರೆದದ್ದನ್ನು ಯಾರು ತಾನೇ ಆಸ್ಥೆಯಿಂದ ನೋಡುತ್ತಾರೆ?

ಪಾತ್ರವರ್ಗ

ಅನಂತ್ ನಾಗ್ (ಜನನ 1948) ಮುಂಬಯಿಯ ರಂಗಭೂಮಿಯಿಂದ ಬಂದ ನಟ. ಶ್ಯಾಮ್ ಬೆನಗಲ್ ಅವರ ಅಂಕುರ್ (1974) ಹಿಂದಿ ಚಿತ್ರದಿಂದ ದೇಶದ ಗಮನ ಸೆಳೆದ ಅವರು ಜಿ. ವಿ. ಅಯ್ಯರ್ ಅವರ ಹಂಸಗೀತೆ, ದೊರೆ–ಭಗವಾನ್ ಜೋಡಿಯ ಬಯಲುದಾರಿ, 1979ರ ನಾ ನಿನ್ನ ಬಿಡಲಾರೆ ಮೊದಲಾದ ಪರಸ್ಪರ ಹೋಲದ ಚಿತ್ರಗಳಲ್ಲಿ ನಟಿಸಿದ್ದರು. ಹೆಂಡ್ತಿಗೆ ಹೇಳ್ಬೇಡಿ (1989), ಗೋಲ್‌ಮಾಲ್ ರಾಧಾಕೃಷ್ಣ (1990), ಗಣೇಶನ ಮದುವೆ ಒಂದರ ಹಿಂದೊಂದು ಬಂದು ಅವರನ್ನು ಕೌಟುಂಬಿಕ ಹಾಸ್ಯದ ನಾಯಕನನ್ನಾಗಿ ನೆಲೆಗೊಳಿಸಿದವು. ಆ ವೇಳೆಗೆ ಅವರ ವಯಸ್ಸು ನಲವತ್ತು ದಾಟಿತ್ತು. ಮದುವೆಯ ವಯಸ್ಸು ಮೀರುತ್ತಿರುವ, ಸ್ವಲ್ಪ ಕಿರಿಕಿರಿಯ, ಒಳಗೆ ಮೃದುವಾದ ಮನುಷ್ಯನ ಪಾತ್ರಕ್ಕೆ ಆ ಪ್ರೌಢತೆ ಅಡ್ಡಿಯಾಗದೆ ಅನುಕೂಲವೇ ಆಯಿತು. ಅವರ ಹಾಸ್ಯ ದೇಹವನ್ನು ಕುಣಿಸುವಂತಹದಲ್ಲ. ಮಾತಿನ ನಡುವೆ ತಡೆದು ನಿಲ್ಲುವ ರೀತಿ, ಎದುರಾಳಿಯ ಮಾತು ಮುಗಿಯುವ ಮೊದಲೇ ಮುಖದಲ್ಲಿ ಮೂಡುವ ಬೇಸರ, ದನಿಯ ಏರಿಳಿತ ಇವುಗಳಲ್ಲಿಯೇ ಅದು ಹುಟ್ಟುತ್ತದೆ. ಅವರಿಗೆ 2025ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

ಉಡುಪಿ ಮೂಲದ ವಿನಯಾ ಪ್ರಸಾದ್ ಅವರು ಜಿ. ವಿ. ಅಯ್ಯರ್ ಅವರ ಮಧ್ವಾಚಾರ್ಯ ಚಿತ್ರದ ಮೂಲಕ ಚಿತ್ರರಂಗ ಪ್ರವೇಶಿಸಿದವರು. ಅವರಿಗೆ ನಾಯಕಿಯಾಗಿ ದೊಡ್ಡ ಹೆಸರು ತಂದದ್ದು ಆದಿಲಕ್ಷ್ಮಿಯ ಪಾತ್ರ. ಜಗಳದಲ್ಲಿ ಒಂದು ಹೆಜ್ಜೆಯೂ ಹಿಂದೆ ಸರಿಯದ ಆದಿಲಕ್ಷ್ಮಿಯೂ, ಪತ್ರ ಓದುತ್ತ ತನ್ನಷ್ಟಕ್ಕೆ ನಗುವ ಶ್ರುತಿಯೂ ಒಬ್ಬಳೇ ಹೆಂಗಸು ಎಂದು ಪ್ರೇಕ್ಷಕ ನಂಬುವಂತೆ ಅವರು ಅಭಿನಯಿಸಿದ್ದಾರೆ. ಮುಂದೆ ಮಲಯಾಳಂನ ಮಣಿಚಿತ್ರತ್ತಾಳ್ (1993) ಚಿತ್ರದ ಶ್ರೀದೇವಿಯಾಗಿ ಅವರು ಕೇರಳದಲ್ಲಿಯೂ ಮನೆಮಾತಾದರು.

ಮಾಲೀಕ ರಮಣಮೂರ್ತಿಯ ಪಾತ್ರವನ್ನು ಮುಖ್ಯಮಂತ್ರಿ ಚಂದ್ರು ವಹಿಸಿದ್ದಾರೆ. ಹೆಸರಿನ ಹಿಂದಿರುವ ಪದವಿ ಅವರಿಗೆ ಬಂದದ್ದು ಮುಖ್ಯಮಂತ್ರಿ ಎಂಬ ನಾಟಕದ ಪ್ರಧಾನ ಪಾತ್ರದಿಂದ. 1985ರ ಚುನಾವಣೆಯಲ್ಲಿ ಗೌರಿಬಿದನೂರಿನಿಂದ ಗೆದ್ದು ಅವರು ವಿಧಾನಸಭೆಯನ್ನೂ ಪ್ರವೇಶಿಸಿದ್ದರು. ಕುತೂಹಲದ ಸಂಗತಿಯೆಂದರೆ, ತೆರೆಯ ಮೇಲೆ ಈ ಮಾಲೀಕನೊಡನೆ ಕಾದಾಡಿದ ಬಾಡಿಗೆದಾರ ಅನಂತ್ ನಾಗ್ ಕೂಡ 1994ರಲ್ಲಿ ಮಲ್ಲೇಶ್ವರದಿಂದ ಆಯ್ಕೆಯಾಗಿ, ಚನ್ನಗಿರಿಯ ಜೆ. ಎಚ್. ಪಟೇಲ್ ನಿಜವಾಗಿಯೂ ಮುಖ್ಯಮಂತ್ರಿಯಾದಾಗ ಅವರ ಸಂಪುಟದಲ್ಲಿ ಬೆಂಗಳೂರು ನಗರಾಭಿವೃದ್ಧಿಯ ಹೊಣೆ ಹೊತ್ತರು.

ಮಾಲ್ಗುಡಿ ಡೇಸ್ ಧಾರಾವಾಹಿಯ ಕಾಲದಿಂದಲೂ ಅನಂತ್ ನಾಗ್ ಅವರ ಜೊತೆಗೆ ಕೆಲಸ ಮಾಡಿದ ರಮೇಶ್ ಭಟ್ ಅವರ ಉಪಸ್ಥಿತಿ ಹಾಸ್ಯಕ್ಕೆ ಪುಷ್ಟಿ ನೀಡಿದೆ. ಉಪಕಥೆಗಳ ಹಾಸ್ಯ ಅಲ್ಲಲ್ಲಿ ಗಟ್ಟಿ ದನಿಯದಾಗಿದ್ದು, ಮುಖ್ಯಕಥೆಯ ನವುರಿಗೆ ಹೊಂದುವುದಿಲ್ಲ ಎಂಬ ಮಾತನ್ನೂ ಹೇಳಬೇಕಾಗುತ್ತದೆ.

ಸಂಗೀತ

ಮೈಸೂರಿನ ಸಹೋದರರಾದ ರಾಜನ್ ಮತ್ತು ನಾಗೇಂದ್ರ 1952ರ ಸೌಭಾಗ್ಯಲಕ್ಷ್ಮಿಯಿಂದ ಸಂಗೀತ ನಿರ್ದೇಶನ ಆರಂಭಿಸಿದವರು. ಗಂಧದ ಗುಡಿ, ಎರಡು ಕನಸು, ಬಯಲುದಾರಿ, ನಾ ನಿನ್ನ ಬಿಡಲಾರೆ ಚಿತ್ರಗಳ ಹಾಡುಗಳಿಂದ ಕನ್ನಡದ ಮನೆಮನೆಯನ್ನು ತಲುಪಿದ್ದರು. ಅನಂತ್ ನಾಗ್ ಅವರ ಪ್ರಣಯಚಿತ್ರಗಳಿಗೂ ಇವರ ಇಂಪಿಗೂ ಹೀಗೆ ಮೊದಲಿನಿಂದ ಸಂಬಂಧವಿತ್ತು. ನಾಯಕಿಯ ಕಂಠವೇ ಕಥೆಗೆ ಕಾರಣವಾಗಿರುವ ಚಿತ್ರದಲ್ಲಿ ಹಾಡು ಕೇವಲ ಅಲಂಕಾರವಾಗುವಂತಿಲ್ಲ. ಒಂದು ದನಿಯನ್ನು ಕೇಳಿಯೇ ಒಬ್ಬ ಮನುಷ್ಯ ಕಾಗದ ಕೈಗೆತ್ತಿಕೊಂಡ ಎಂಬುದನ್ನು ಪ್ರೇಕ್ಷಕ ನಂಬಬೇಕು.

ಬುಡಾಪೆಸ್ಟ್‌ನ ಅಂಗಡಿ

ಒಂದೇ ಸೂರಿನಡಿ ಜಗಳವಾಡುವವರು ಪತ್ರದಲ್ಲಿ ಪ್ರೇಮಿಗಳಾಗಿರುವ ಕಥೆ ಜಗತ್ತಿನ ಸಿನಿಮಾದಲ್ಲಿ ಹೆಸರಾದದ್ದು ಅರ್ನ್ಸ್ಟ್ ಲುಬಿಚ್ ನಿರ್ದೇಶನದ ದಿ ಶಾಪ್ ಅರೌಂಡ್ ದಿ ಕಾರ್ನರ್ ಮೂಲಕ. ಹಂಗೇರಿಯ ಮಿಕ್ಲೋಷ್ ಲಾಸ್ಲೋ ಬರೆದ ಪಾರ್ಫ್ಯುಮರಿ ಎಂಬ ನಾಟಕವನ್ನು ಆಧರಿಸಿ ಸ್ಯಾಮ್ಸನ್ ರಾಫೆಲ್ಸನ್ ಇದರ ಚಿತ್ರಕಥೆ ರಚಿಸಿದರು. ಬುಡಾಪೆಸ್ಟ್ ನಗರದ ಮಾತುಷೆಕ್ ಎಂಬಾತನ ಅಂಗಡಿಯಲ್ಲಿ ಹಿರಿಯ ಗುಮಾಸ್ತ ಕ್ರಾಲಿಕ್ (ಜೇಮ್ಸ್ ಸ್ಟೀವರ್ಟ್) ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಕ್ಲಾರಾ (ಮಾರ್ಗರೆಟ್ ಸಲ್ಲವನ್) ಒಬ್ಬರನ್ನೊಬ್ಬರು ಸಹಿಸರು. ಪತ್ರಿಕೆಯ ಜಾಹೀರಾತೊಂದರ ಮೂಲಕ ಪರಿಚಯವಾದ ಅಜ್ಞಾತ ಮಿತ್ರರಿಗೆ ಇಬ್ಬರೂ ಪತ್ರ ಬರೆಯುತ್ತಿರುತ್ತಾರೆ. ಮೊದಲ ಭೇಟಿಗೆಂದು ಅವಳು ಟಾಲ್‌ಸ್ಟಾಯ್ ಅವರ ಅನ್ನಾ ಕರೆನಿನಾ ಕಾದಂಬರಿಯಲ್ಲಿ ಕೆಂಪು ಕಾರ್ನೇಷನ್ ಹೂವನ್ನಿಟ್ಟುಕೊಂಡು ಕೆಫೆಯಲ್ಲಿ ಕಾಯುತ್ತಾಳೆ. ಕಿಟಕಿಯಿಂದ ಗುಟ್ಟು ತಿಳಿದ ಕ್ರಾಲಿಕ್ ಒಳಗೆ ಬಂದು, ತಾನೇ ಆ ಮಿತ್ರನೆಂದು ಹೇಳದೆ, ಅವಳ ಕಟುನುಡಿಗಳನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಆ ದೃಶ್ಯದಲ್ಲಿ ನಗೆಯೂ ನೋವೂ ಒಂದೇ ಮೇಜಿನ ಮುಂದೆ ಕುಳಿತಿವೆ.

ಲುಬಿಚ್ (1892–1947) ಬರ್ಲಿನ್ನಿನಲ್ಲಿ ಉಡುಪಿನ ವ್ಯಾಪಾರವಿದ್ದ ಕುಟುಂಬದಲ್ಲಿ ಹುಟ್ಟಿದವರು. ಅಂಗಡಿಯ ಕೆಲಸಗಾರರ ಭಯ, ಮಾಲೀಕನ ಒಂಟಿತನ, ಕೆಲಸ ಹೋದರೆ ಗತಿಯೇನೆಂಬ ಆತಂಕ ಇವನ್ನು ಅವರು ಪ್ರೇಮಕಥೆಯಷ್ಟೇ ಆಸ್ಥೆಯಿಂದ ಚಿತ್ರಿಸಿದರು. ಇದೇ ಕಥೆ 1949ರಲ್ಲಿ ಇನ್ ದಿ ಗುಡ್ ಓಲ್ಡ್ ಸಮ್ಮರ್‌ಟೈಮ್ ಎಂಬ ಸಂಗೀತಚಿತ್ರವಾಗಿ, 1963ರಲ್ಲಿ ಶಿ ಲವ್ಸ್ ಮಿ ಎಂಬ ಸಂಗೀತನಾಟಕವಾಗಿ, 1998ರಲ್ಲಿ ಟಾಮ್ ಹ್ಯಾಂಕ್ಸ್ ಮತ್ತು ಮೆಗ್ ರಯಾನ್ ನಟಿಸಿದ ಯು ಹ್ಯಾವ್ ಗಾಟ್ ಮೇಲ್ ಆಗಿ ಮರುಹುಟ್ಟು ಪಡೆಯಿತು. ಕೊನೆಯದರಲ್ಲಿ ಅಂಚೆಯ ಜಾಗಕ್ಕೆ ಇ-ಮೇಲ್ ಬಂದಿದೆ. ಮೂಲ ಚಿತ್ರವನ್ನು 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಲಾಯಿತು.

ಎರಡು ಚಿತ್ರಗಳ ಭೇದ ಕಥೆ ನಡೆಯುವ ಸ್ಥಳದಲ್ಲಿದೆ. ಲುಬಿಚ್ ಅವರ ಪ್ರೇಮಿಗಳು ಹಗಲು ಒಂದೇ ಅಂಗಡಿಯಲ್ಲಿದ್ದರೂ ರಾತ್ರಿ ತಮ್ಮ ತಮ್ಮ ಕೋಣೆಗಳಿಗೆ ಹೋಗುತ್ತಾರೆ. ಸಭ್ಯತೆಯ ಒಂದು ಮುಖವಾಡ ಅವರಿಗೆ ಉದ್ಯೋಗದ ಅಂಗವಾಗಿ ಅಂಟಿಕೊಂಡಿದೆ; ಗಿರಾಕಿಯ ಮುಂದೆ ನಗಲೇಬೇಕು. ವಠಾರದವರಿಗೆ ಆ ಮುಖವಾಡವಿಲ್ಲ. ರಾವ್ ಮತ್ತು ಆದಿಲಕ್ಷ್ಮಿ ಒಬ್ಬರನ್ನೊಬ್ಬರು ತಲೆ ಬಾಚಿಕೊಳ್ಳುವ ಮೊದಲೇ ನೋಡಿದವರು. ಆದುದರಿಂದ ಕನ್ನಡ ಚಿತ್ರದ ಜಗಳಗಳು ಹೆಚ್ಚು ಒರಟು, ಹೆಚ್ಚು ಬಹಿರಂಗ. ಅವಕ್ಕೆ ಸದಾ ನೆರೆಮನೆಯ ಸಾಕ್ಷಿಗಳಿದ್ದಾರೆ. ಬುಡಾಪೆಸ್ಟ್‌ನ ಕಥೆ ಕ್ರಿಸ್‌ಮಸ್ ಹಿಂದಿನ ಇರುಳಿನಲ್ಲಿ, ಅಂಗಡಿಯಲ್ಲಿ ಇಬ್ಬರೇ ಉಳಿದಾಗ ಪಿಸುಮಾತಿನಲ್ಲಿ ಬಗೆಹರಿಯುತ್ತದೆ. ಅಷ್ಟೊಂದು ಏಕಾಂತ ವಠಾರದಲ್ಲಿ ಯಾರಿಗೂ ದೊರೆಯದು.

ಕನ್ನಡದ ಜಗಳಗಂಟ ಪ್ರೇಮಿಗಳು

ಜಗಳದಿಂದ ಆರಂಭವಾಗಿ ಮದುವೆಯಲ್ಲಿ ಮುಗಿಯುವ ಕಥೆಗಳು ಕನ್ನಡಕ್ಕೆ ಹೊಸವಲ್ಲ. ಷೇಕ್ಸ್‌ಪಿಯರನ ಟೇಮಿಂಗ್ ಆಫ್ ದಿ ಶ್ರೂ ನಾಟಕವನ್ನು ಪರ್ವತವಾಣಿಯವರು ಬಹದ್ದೂರ್ ಗಂಡ ಎಂಬ ಹೆಸರಿನಲ್ಲಿ ಕನ್ನಡ ರಂಗಭೂಮಿಗೆ ತಂದಿದ್ದರು. ರಾಜ್‌ಕುಮಾರ್ ಮತ್ತು ಜಯಂತಿ ನಟಿಸಿದ ಬಹದ್ದೂರ್ ಗಂಡು (1976), ರಾಘವೇಂದ್ರ ರಾಜ್‌ಕುಮಾರ್ ಮತ್ತು ಮಾಲಾಶ್ರೀ ನಟಿಸಿದ ನಂಜುಂಡಿ ಕಲ್ಯಾಣ (1989) ಆ ಜಾಡಿನಲ್ಲಿಯೇ ಸಾಗಿ ಜನಪ್ರಿಯವಾದ ಚಿತ್ರಗಳು. ಅವುಗಳಲ್ಲಿ ಗರ್ವಿಷ್ಠ ಹೆಣ್ಣನ್ನು ಗಂಡು ಪಳಗಿಸುತ್ತಾನೆ; ಕೊನೆಯಲ್ಲಿ ಬಾಗುವವಳು ಅವಳೇ.

ನಂಜುಂಡಿ ಕಲ್ಯಾಣ ಬಂದ ಮರುವರ್ಷವೇ ತೆರೆಕಂಡ ಗಣೇಶನ ಮದುವೆ ಈ ಮಾದರಿಯಿಂದ ದೂರ ನಿಲ್ಲುತ್ತದೆ. ಇಲ್ಲಿ ಯಾರೂ ಯಾರನ್ನೂ ಪಳಗಿಸುವುದಿಲ್ಲ. ಇಬ್ಬರೂ ಒಂದೇ ತಪ್ಪು ಮಾಡಿದ್ದಾರೆ, ಇಬ್ಬರಿಗೂ ಒಂದೇ ಪ್ರಮಾಣದ ಮುಜುಗರ ಕಾದಿದೆ. ಆದಿಲಕ್ಷ್ಮಿಗೆ ಹೆಸರಿದೆ, ಕಲೆಯಿದೆ, ಅವಳ ಕಲೆಯನ್ನು ಮೆಚ್ಚಿ ನಾಯಕನೇ ಮೊದಲು ತಲೆಬಾಗಿದ್ದಾನೆ. ಚಿತ್ರ ಇಂದಿನ ಕಣ್ಣಿಗೆ ಹಳತೆನಿಸದಿರಲು ಇದೂ ಒಂದು ಕಾರಣ. ಅಂದಹಾಗೆ ಹಾಲಿವುಡ್‌ನ ಇನ್ನೊಂದು ಮೂಲಚಿತ್ರ, ಫ್ರಾಂಕ್ ಕಾಪ್ರಾ ಅವರ ಇಟ್ ಹ್ಯಾಪನ್ಡ್ ಒನ್ ನೈಟ್ (1934), ಚೋರಿ ಚೋರಿ (1956), ದಿಲ್ ಹೈ ಕಿ ಮಾನ್ತಾ ನಹೀಂ (1991) ಎಂಬ ಹಿಂದಿ ಚಿತ್ರಗಳ ದಾರಿಯಲ್ಲಿ ಬಂದು 2007ರಲ್ಲಿ ಗಣೇಶ್ ಮತ್ತು ರೇಖಾ ಅಭಿನಯದ ಹುಡುಗಾಟ ಆಯಿತು. ಅಲ್ಲಿ ಬಸ್ಸು, ರಸ್ತೆ, ಪಯಣ ಮುಖ್ಯ. ಗಣೇಶನ ಮದುವೆಯಲ್ಲಿ ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.

ಸಣ್ಣ ಊರುಗಳ ಪ್ರೇಕ್ಷಕರು

ವಠಾರ ಬೆಂಗಳೂರಿನ ಸ್ವತ್ತೆಂದು ಭಾವಿಸುವುದು ಸರಿಯಲ್ಲ. ತಾಲ್ಲೂಕು ಕೇಂದ್ರಗಳಲ್ಲಿಯೂ ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನವರು, ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಗಳ ನೌಕರರು ಸಾಲುಮನೆಗಳಲ್ಲಿ ಬಾಡಿಗೆಗೆ ಇರುತ್ತಿದ್ದರು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಊರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಚಿತ್ರ ಬಿಡುಗಡೆಯಾದಾಗ ಈ ಜಿಲ್ಲೆಯೇ ಇರಲಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದು ಬಹಳ ಕಾಲದ ಬಳಿಕ ಪ್ರತ್ಯೇಕ ತಾಲ್ಲೂಕಾಯಿತು. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 15ರಂದು, ಮೇಲೆ ಹೇಳಿದ ಪಟೇಲ್ ಅವರ ಸರ್ಕಾರದ ಕಾಲದಲ್ಲಿ.

ತುಂಗಭದ್ರೆಯ ದಡದ ಹೊನ್ನಾಳಿಗೂ, ಸೂಳೆಕೆರೆಯ ನೀರು ಮತ್ತು ಅಡಿಕೆ ತೋಟಗಳ ಚನ್ನಗಿರಿಗೂ, ಮಳೆಯನ್ನೇ ನಂಬಿದ ಬಯಲು ನಾಡಾದ ಜಗಳೂರಿಗೂ ಬದುಕಿನ ರೀತಿ ಬೇರೆ ಬೇರೆ. ಆದರೂ ಬಾಡಿಗೆ ಮನೆಯ ಹಂಚಿಕೊಂಡ ಅಂಗಳ, ಸರದಿಯ ನೀರು, ತಿಂಗಳ ಮೊದಲ ವಾರ ಬಾಗಿಲು ತಟ್ಟುವ ಮಾಲೀಕ ಎಲ್ಲ ಕಡೆಯ ಅನುಭವ. ಜಗಳೂರಿನಂತಹ ಒಣನೆಲದಲ್ಲಿ ಕೊಡಪಾನದ ಸಾಲಿನ ಜಗಳಕ್ಕೆ ಸಿನಿಮಾದ ನೆರವು ಬೇಕಿರಲಿಲ್ಲ. ಆ ಕಾಲದಲ್ಲಿ ದೊಡ್ಡ ನಗರಗಳಲ್ಲಿ ಓಡಿದ ಚಿತ್ರದ ಪ್ರತಿಗಳು ಇಂತಹ ಊರುಗಳಿಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವು, ಗೀರುಗಳೂ ಬಿದ್ದಿರುತ್ತಿದ್ದವು. ಹೊಡೆದಾಟ, ವೈಭವದ ದೃಶ್ಯಗಳನ್ನು ನಂಬಿದ ಚಿತ್ರಗಳು ಹಳೆಯ ಪ್ರತಿಯಲ್ಲಿ ಸೊರಗುತ್ತವೆ. ಮಾತು ಮತ್ತು ಮುಖಭಾವವನ್ನು ನಂಬಿದ ಇಂತಹ ಚಿತ್ರಕ್ಕೆ ಗೀರುಗಳಿಂದ ಹೆಚ್ಚಿನ ನಷ್ಟವಿಲ್ಲ. ಬಳಿಕ ದೂರದರ್ಶನ, ಖಾಸಗಿ ವಾಹಿನಿ, ಅಂತರಜಾಲಗಳ ಸಣ್ಣ ಪರದೆಗೆ ಅದು ಸುಲಭವಾಗಿ ಹೊಂದಿಕೊಂಡದ್ದೂ ಇದೇ ಕಾರಣದಿಂದ. ವಠಾರವನ್ನು ಎಂದೂ ಕಾಣದ, ಒಂದು ಪತ್ರವನ್ನೂ ಬರೆಯದ ಯುವಕರು ಈಗ ಅದನ್ನು ಕೈಯಲ್ಲಿರುವ ಫೋನಿನಲ್ಲಿ ನೋಡುತ್ತಾರೆ. ಹೆಸರು ಮರೆಸಿ ಅಪರಿಚಿತರೊಡನೆ ಹರಟುವುದು ಅವರಿಗೆ ಹೊಸತಲ್ಲ. ಆದುದರಿಂದ ಶ್ರುತಿ ಮತ್ತು ಗಣೇಶರ ಪಾಡು ಅವರಿಗೆ ವಿವರಿಸದೆಯೇ ಅರ್ಥವಾಗುತ್ತದೆ.

ನಂತರದ ಚಿತ್ರಗಳು

ಈ ಯಶಸ್ಸಿನ ಬಳಿಕ ಫಣಿ ರಾಮಚಂದ್ರ ಗಣೇಶನ ಹೆಸರನ್ನು ಕೈಬಿಡಲಿಲ್ಲ. ಗೌರಿ ಗಣೇಶ (1991), ಗಣೇಶ ಸುಬ್ರಹ್ಮಣ್ಯ (1992), ಗಣೇಶನ ಗಲಾಟೆ (1995) ಕ್ರಮವಾಗಿ ಬಂದವು. ಇವು ಒಂದೇ ಕಥೆಯ ಮುಂದುವರಿಕೆಗಳಲ್ಲ. ಹೆಸರಿನ ಮತ್ತು ಹಾಸ್ಯದ ನಂಟು ಮಾತ್ರ ಸಮಾನ. ಇವುಗಳಲ್ಲಿ ಗೌರಿ ಗಣೇಶ ಮೊದಲನೆಯದಕ್ಕೆ ಸರಿಸಾಟಿಯೆಂದು ಹಲವರು ಎಣಿಸು‌ತ್ತಾರೆ. ಅದರಲ್ಲಿ ಅನಂತ್ ನಾಗ್ ಲಂಬೋದರನೆಂಬ ಚಾಲಾಕಿಯ ಪಾತ್ರದಲ್ಲಿದ್ದು, ತೀರಿಕೊಂಡ ಹೆಣ್ಣುಮಗಳೊಬ್ಬಳ ಹೆಸರನ್ನು ಬಳಸಿಕೊಂಡು ಮೂವರು ಗಣ್ಯರನ್ನು ಪೇಚಿಗೆ ಸಿಲುಕಿಸುತ್ತಾನೆ. ಹಾಸ್ಯ ಅಲ್ಲಿ ಹೆಚ್ಚು ಮೊನಚು, ಪ್ರೇಮ ಕಡಿಮೆ. ಫಣಿ ರಾಮಚಂದ್ರ ಅವರು ಮುಂದೆ ಕಿರುತೆರೆಗೆ ಹೊರಳಿ ದಂಡಪಿಂಡಗಳು ಎಂಬ ಹಾಸ್ಯ ಧಾರಾವಾಹಿಯನ್ನು ನಿರ್ದೇಶಿಸಿದರು. ಕೆಲಸವಿಲ್ಲದ ಯುವಕರ ಪಾಡನ್ನು ಕುರಿತ ಆ ಧಾರಾವಾಹಿಯೂ ಜನಮನ್ನಣೆ ಪಡೆಯಿತು.